ಕಂಡವರ ಮಾತು, ಸಿಗದ ಮೂಳೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಿಮಾಲಯದ ಯೇತಿ, ಅಮೆರಿಕದ ಬಿಗ್‌ಫುಟ್ ಎಂಬ ಕಾಡುಮನುಷ್ಯರ ಹೆಸರು ಎತ್ತಿದ ತಕ್ಷಣ ಸಭೆಯಲ್ಲಿ ಅರ್ಧ ಜನ ನಗುತ್ತಾರೆ. ನಗಲಿ ಬಿಡಿ. ಟಾರ್ಚ್ ಹಿಡಿದು ರಾತ್ರಿಯೆಲ್ಲ ಕಾಡು ಸುತ್ತಿ, ಕೊನೆಗೆ ಮಸುಕು ಮಸುಕಾದ ಒಂದು ಫೋಟೋ ತೋರಿಸುವವರನ್ನು ನೋಡಿ ನಗದೆ ಇನ್ನೇನು ಮಾಡುವುದು? ಆದರೆ ಇವತ್ತು ನಾನು ಹೇಳಹೊರಟಿರುವವರು ಆ ಪೈಕಿ ಅಲ್ಲ. ಅವರ ಹೆಸರು ಗ್ರೆಗರಿ ಫೋರ್ತ್. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಮಾನವಶಾಸ್ತ್ರ ಕಲಿಸಿದವರು. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪಕ್ಕೆ 1984ರಿಂದ ಹೋಗಿ ಬಂದು ಮಾಡುತ್ತಿದ್ದವರು. ಅಲ್ಲಿನ ಜನ ಹಕ್ಕಿಗಳನ್ನು, ಹಾವುಗಳನ್ನು, ದೆವ್ವಗಳನ್ನು ಹೇಗೆ ಗುಂಪು ಮಾಡುತ್ತಾರೆ, ಯಾವುದಕ್ಕೆ ಏನೆಂದು ಕರೆಯುತ್ತಾರೆ ಎಂದು ತಾಳ್ಮೆಯಿಂದ ಬರೆದುಕೊಂಡವರು. ಅಂಥವರು ನಿವೃತ್ತರಾದ ಮೇಲೆ, 2022ರಲ್ಲಿ, ಒಂದು ಪುಸ್ತಕ ತಂದರು. ಅದರ ತೀರ್ಮಾನ ಇಷ್ಟು: ಫ್ಲೋರೆಸ್‌ನ ಕಾಡಿನಲ್ಲಿ ನಮ್ಮ ಜೀವಜಾತಿಗೆ ಸೇರದ ಒಂದು ಪುಟ್ಟ ಮಾನವ ಜೀವಿ ಇಂದಿಗೂ, ಅಥವಾ ತೀರಾ ಇತ್ತೀಚಿನವರೆಗೂ, ಬದುಕಿತ್ತು ಅನ್ನುವುದೇ ತಾವು ಕೇಳಿದ ಮಾತುಗಳಿಗೆ ಸಿಗುವ ಅತ್ಯುತ್ತಮ ವಿವರಣೆ.

ಇದಕ್ಕೆ ಅವರ ಆಧಾರ ಏನು? ಮೂಳೆ ಅಲ್ಲ, ಕೂದಲು ಅಲ್ಲ, ಹೆಜ್ಜೆ ಗುರುತೂ ಅಲ್ಲ. ಜನರ ಮಾತು. ಲಿಯೋ ಎಂಬ ಸಮುದಾಯದ 30ಕ್ಕೂ ಹೆಚ್ಚು ಮಂದಿ, ತಾವೇ ಕಣ್ಣಾರೆ ಕಂಡದ್ದಾಗಿ ಅವರ ಎದುರು ಕೂತು ಹೇಳಿದ ಮಾತು.

ಕಂಡವರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು ದ್ವೀಪ ನೋಡೋಣ. ಫ್ಲೋರೆಸ್ ಸುಮಾರು 14,000 ಚದರ ಕಿಲೋಮೀಟರಿನ, ಉದ್ದಕ್ಕೆ ಚಾಚಿಕೊಂಡ, ಜ್ವಾಲಾಮುಖಿಗಳ ನೆಲ. ಈಗ ಅಲ್ಲಿ ಸುಮಾರು 20 ಲಕ್ಷ ಜನ ಇದ್ದಾರೆ. ಬಣ್ಣ ಬದಲಿಸುವ ಕೆರೆಗಳ ಕೆಲಿಮುತು ಬೆಟ್ಟ ಇದೆಯಲ್ಲ, ಅದರ ಆಸುಪಾಸು ಲಿಯೋ ಜನರ ಸೀಮೆ. ಅವರು ಹೇಳುವ ಜೀವಿಯ ಹೆಸರು ಲಾಯ್ ಹೊಆ. ಕುಳ್ಳು. ಮೈತುಂಬ ಕೂದಲು. ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತದೆ. ಮನುಷ್ಯರ ಹಾಗೆ ಮಾತಿಲ್ಲ, ಹತಾರ ಮಾಡಲು ಬರುವುದಿಲ್ಲ. ತುಂಬಾ ಕಡಿಮೆ ಉಳಿದಿವೆ, ಕಾಡು ಬಿಟ್ಟು ಈಚೆ ಬರುವುದಿಲ್ಲ ಅನ್ನುತ್ತಾರೆ.

ಫೋರ್ತ್ ಅವರನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಲಿಯೋ ಜನರ ಪ್ರಕಾರ ಇದು ದೆವ್ವ ಅಲ್ಲ, ದೇವರೂ ಅಲ್ಲ. ಇದು ಪ್ರಾಣಿ. ಅವರಲ್ಲಿ ದೆವ್ವಗಳಿಗೇನೂ ಬರ ಇಲ್ಲ. ಆದರೆ ಅವುಗಳ ಸಾಲೇ ಬೇರೆ. ಲಾಯ್ ಹೊಆ ಮಾಯವಾಗುವುದಿಲ್ಲ, ಶಾಪ ಕೊಡುವುದಿಲ್ಲ, ರೂಪ ಬದಲಿಸುವುದಿಲ್ಲ. ಅದರ ಪೂರ್ವಜರು ಮನುಷ್ಯರೇ ಆಗಿದ್ದರು, ಕಾಡು ಸೇರಿ ಬದುಕುವ ರೀತಿ ಬದಲಾದ ಮೇಲೆ ಪ್ರಾಣಿಗಳಾದರು ಅಂತ ಅವರು ವಿವರಿಸುತ್ತಾರೆ. ಹಾಗೆ ಮನುಷ್ಯರಿಂದ ಪ್ರಾಣಿಗಳಾದವು ಅನ್ನುವ ಕಥೆ ಅವರಲ್ಲಿ ಬೇರೆ ಪ್ರಾಣಿಗಳ ಬಗ್ಗೆಯೂ ಇದೆ.

ಫ್ಲೋರೆಸ್‌ನಲ್ಲಿ ಕೋತಿಗಳಿವೆ, ಉದ್ದ ಬಾಲದ ಮಕಾಕ್‌ಗಳು. ಒರಾಂಗುಟಾನ್, ಗಿಬ್ಬನ್‌ನಂಥ ವಾನರಗಳು ಆ ದ್ವೀಪಕ್ಕೆ ಯಾವತ್ತೂ ತಲುಪಿಲ್ಲ. ಮಕಾಕ್‌ಗಳನ್ನೂ ಮನುಷ್ಯರೇ ತಂದದ್ದು. ಲಿಯೋ ಜನಕ್ಕೆ ಕೋತಿ ಅಂದರೆ ಹೊಲ ಹಾಳು ಮಾಡುವ ದಿನನಿತ್ಯದ ಕಾಟ. ಅಂಥವರು ಕೋತಿಯನ್ನು ನೋಡಿ ಬೇರೆ ಏನೋ ಅಂದುಕೊಳ್ಳುತ್ತಾರಾ ಎಂದು ಫೋರ್ತ್ ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ.

ಇವರಿಗೆ ಪಶ್ಚಿಮಕ್ಕೆ, ದ್ವೀಪದ ನಡುಭಾಗದಲ್ಲಿ, ನಾಗೆ ಎಂಬ ಸಮುದಾಯ ಇದೆ. ಫ್ಲೋರೆಸ್‌ನಲ್ಲಿ ಫೋರ್ತ್ ಮೊದಲು ಕೆಲಸ ಮಾಡಿದ್ದು ಅವರ ನಡುವೆ. ಅವರು ಹೇಳುವುದು ಎಬು ಗೊಗೊ ಎಂಬ ಗುಹೆವಾಸಿಗಳ ಕಥೆ. ಕುಳ್ಳು, ಮೈತುಂಬ ಕೂದಲು, ಕಂಡದ್ದನ್ನೆಲ್ಲ ತಿನ್ನುವ ಹಸಿವು, ಹೆಂಗಸರಿಗೆ ಹೆಗಲ ಮೇಲೆ ಹಾಕಿಕೊಳ್ಳುವಷ್ಟು ಉದ್ದದ ಮೊಲೆ. ಬೆಳೆ ಕದ್ದು ಕದ್ದು ಊರಿನವರಿಗೆ ಸಾಕುಸಾಕಾಯಿತು. ಹೊದ್ದುಕೊಳ್ಳಿ ಎಂದು ತಾಳೆ ಜಾತಿಯ ಮರದ ನಾರು ತಂದು ಕೊಟ್ಟರು. ಅವರು ಅದನ್ನು ಗುಹೆಯೊಳಗೆ ಒಯ್ದರು. ಹಿಂದೆಯೇ ಊರಿನವರು ಉರಿಯುವ ಕೊಳ್ಳಿ ಎಸೆದರು. ಅಲ್ಲಿಗೆ ಎಬು ಗೊಗೊಗಳ ಕಥೆ ಮುಗಿಯಿತು. ಅಂದರೆ ನಾಗೆ ಜನರ ಪ್ರಕಾರ ಅವು ಈಗ ಇಲ್ಲ, ಲಿಯೋ ಜನರ ಪ್ರಕಾರ ಅವರವು ಇವೆ.

ಇದೇ ಕಥೆ ಇನ್ನೊಂದು ದ್ವೀಪದಲ್ಲೂ ಇದೆ. ಶ್ರೀಲಂಕಾದಲ್ಲಿ. 1880ರ ದಶಕದಲ್ಲಿ ಹ್ಯೂ ನೆವಿಲ್ ಎಂಬ ಬ್ರಿಟಿಷ್ ಅಧಿಕಾರಿ ಬರೆದಿಟ್ಟದ್ದು. ಅಲ್ಲಿ ಆ ಜೀವಿಗಳ ಹೆಸರು ನಿತ್ತಾವೊ. ಕುಳ್ಳು, ಕೂದಲು, ಕಳ್ಳತನ, ಎಲ್ಲವೂ ಹಾಗೇ. ಅಲ್ಲಿನ ಮೂಲನಿವಾಸಿಗಳಾದ ವೆದ್ದಾ ಜನ ಅವರನ್ನು ಗುಹೆಗೆ ಅಟ್ಟಿ, ಬಾಗಿಲಿಗೆ ಸೌದೆ ಒಟ್ಟಿ, ಮೂರು ದಿನ ಬೆಂಕಿ ಉರಿಸಿದರಂತೆ. ಸಾವಿರಾರು ಕಿಲೋಮೀಟರ್ ದೂರದ ಎರಡು ದ್ವೀಪಗಳಲ್ಲಿ ಒಂದೇ ಅಂತ್ಯ. ಎರಡೂ ಕಡೆ ನಿಜವಾಗಿ ನಡೆದಿರಬಹುದು ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಕಥೆಗಳಿಗೂ ಕಾಲಿದೆ. ಗುಹೆಗೆ ಬೆಂಕಿ ಹಾಕುವ ಕಥೆ ಹಡಗು ಹತ್ತಿ ಬಂದಿರಬಹುದು, ಅಥವಾ ‘ನಮಗಿಂತ ಮುಂಚೆ ಇದ್ದವರು ಏನಾದರು?’ ಅನ್ನುವ ಪ್ರಶ್ನೆಗೆ ಜನ ಅಲ್ಲಲ್ಲೇ ಕಟ್ಟಿಕೊಂಡ ಉತ್ತರವೂ ಇರಬಹುದು.

ಈಗ ಮೂಳೆಗೆ ಬರೋಣ. ಫ್ಲೋರೆಸ್ ಕಥೆಯನ್ನು ನಾವು ಸುಮ್ನೆ ಪಕ್ಕಕ್ಕಿಡಲು ಆಗದಿರುವುದು ಇದರಿಂದಲೇ.

2003ರಲ್ಲಿ, ದ್ವೀಪದ ಪಶ್ಚಿಮಕ್ಕಿರುವ ಲಿಯಾಂಗ್ ಬುವಾ ಎಂಬ ದೊಡ್ಡ ಗುಹೆಯಲ್ಲಿ ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದ ತಂಡ ಅಗೆಯುತ್ತಿತ್ತು. ಅವರು ಕುಳ್ಳ ಜೀವಿಗಳನ್ನು ಹುಡುಕಿಕೊಂಡು ಹೋದವರಲ್ಲ. ನಮ್ಮಂಥ ಮನುಷ್ಯರು ಆಸ್ಟ್ರೇಲಿಯಾ ತಲುಪಿದ ದಾರಿಯ ಗುರುತು ಬೇಕಿತ್ತು. ಸುಮಾರು ಆರು ಮೀಟರ್ ಆಳದಲ್ಲಿ ಸಿಕ್ಕಿದ್ದು ಒಂದು ಹೆಣ್ಣಿನ ಅಸ್ಥಿಪಂಜರ. ಮೊದಲು ಮಗುವಿನದು ಅಂದುಕೊಳ್ಳುವಷ್ಟು ಚಿಕ್ಕದು. ಹಲ್ಲು ನೋಡಿದರೆ ಸವೆದಿದ್ದವು, ಬೆಳೆದ ಹೆಂಗಸು. ಎತ್ತರ ಸುಮಾರು 106 ಸೆಂಟಿಮೀಟರ್. ಮಿದುಳಿನ ಗಾತ್ರ 400 ಘನ ಸೆಂಟಿಮೀಟರಿನ ಆಸುಪಾಸು, ಚಿಂಪಾಂಜಿಯಷ್ಟು. 2004ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೋಮೋ ಫ್ಲೋರೆಸಿಯೆನ್ಸಿಸ್ ಎಂಬ ಹೊಸ ಮಾನವ ಜಾತಿ ಘೋಷಣೆಯಾಯಿತು. ಕಾಯಿಲೆಯಿಂದ ಕುಗ್ಗಿದ ನಮ್ಮವರದೇ ಅಸ್ಥಿಪಂಜರ ಎಂದು ಕೆಲವರು ವರ್ಷಗಟ್ಟಲೆ ಜಗಳವಾಡಿದರು. ಆ ವಾದ ಈಗ ನಿಲ್ಲುವುದಿಲ್ಲ. ಅದೇ ದ್ವೀಪದ ಮಾತಾ ಮೆಂಗೆ ಎಂಬಲ್ಲಿ ಸುಮಾರು 7 ಲಕ್ಷ ವರ್ಷ ಹಳೆಯ, ಇನ್ನೂ ಪುಟ್ಟ ದವಡೆ, ಹಲ್ಲು ಸಿಕ್ಕಿವೆ.

ಆಗ ಹೇಳಿದ್ದ ವಯಸ್ಸು ಕೇಳಿ. ಅಸ್ಥಿಪಂಜರ ಸುಮಾರು 18,000 ವರ್ಷ ಹಳೆಯದು. 12,000 ವರ್ಷಗಳ ಹಿಂದಿನವರೆಗೂ ಈ ಜೀವಿಗಳು ಇದ್ದಿರಬಹುದು. ಭೂಮಿಯ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆ. ‘ನೇಚರ್’ನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಗೀ, ಹಾಗಾದರೆ ಯೇತಿಯಂಥ ಕಥೆಗಳಲ್ಲೂ ಒಂದಿಷ್ಟು ಸತ್ಯ ಇರುವ ಸಾಧ್ಯತೆ ಹೆಚ್ಚಿತು ಎಂದು ಆಗಲೇ ಬರೆದರು. ಫೋರ್ತ್ ಜಾಗದಲ್ಲಿ ನಿಂತು ನೋಡಿ. ಇಪ್ಪತ್ತು ವರ್ಷದಿಂದ ಕುಳ್ಳ ಜೀವಿಗಳ ಕಥೆ ಕೇಳಿ ಬರೆದುಕೊಳ್ಳುತ್ತಿದ್ದೀರಿ, ಅದೇ ದ್ವೀಪದಲ್ಲಿ ಅದೇ ಎತ್ತರದ ಮೂಳೆ ಎದ್ದು ಬರುತ್ತದೆ. ಯಾರಿಗೆ ಆದರೂ ತಲೆ ತಿರುಗದೇ ಇರುತ್ತದಾ?

ಆದರೆ 2016ರಲ್ಲಿ ಅದೇ ತಂಡ ಲೆಕ್ಕ ತಿದ್ದಿತು. ಗುಹೆಯೊಳಗಿನ ಹಳೆಯ ಮಣ್ಣು ಒಂದು ಕಡೆ ಕೊಚ್ಚಿ ಹೋಗಿ, ಆ ಜಾಗದಲ್ಲಿ ಹೊಸ ಮಣ್ಣು ಬಂದು ಕೂತಿತ್ತು. ಮೊದಲು ವಯಸ್ಸು ಅಳೆದ ಇದ್ದಿಲು ಆ ಹೊಸ ಮಣ್ಣಿನದು. ಮೂಳೆ ಇದ್ದದ್ದು ಹಳೆಯ ಮಣ್ಣಿನಲ್ಲಿ. ಹೊಸ ಲೆಕ್ಕದಲ್ಲಿ ಮೂಳೆಗಳು 1 ಲಕ್ಷದಿಂದ 60,000 ವರ್ಷ ಹಳೆಯವು. ಅವುಗಳ ಕಲ್ಲಿನ ಹತಾರಗಳೂ 50,000 ವರ್ಷಗಳ ಹಿಂದಕ್ಕೆ ನಿಂತುಬಿಡುತ್ತವೆ. ಕಥೆಗೂ ಮೂಳೆಗೂ ನಡುವಿನ ಕಂದಕ ಒಂದೇ ಸಲಕ್ಕೆ ನಾಲ್ಕು ಪಟ್ಟು ಅಗಲವಾಯಿತು. ನನ್ನ ಪ್ರಕಾರ ಫೋರ್ತ್ ವಾದಕ್ಕೆ ಬಿದ್ದ ದೊಡ್ಡ ಪೆಟ್ಟು ಇದೇ. 50,000 ವರ್ಷ ಒಂದು ಜಾತಿ ಆ ದ್ವೀಪದಲ್ಲಿ ಬದುಕಿ, ಒಂದು ಹಲ್ಲನ್ನೂ ಬಿಟ್ಟು ಹೋಗಿಲ್ಲ ಎಂದು ನಂಬಬೇಕಾಗುತ್ತದೆ.

ಹತಾರ ಅಂದೆನಲ್ಲ, ಅಲ್ಲೂ ಒಂದು ತೊಡಕಿದೆ. ಲಿಯಾಂಗ್ ಬುವಾದ ಆ ಪುಟ್ಟ ಜನ ಕಲ್ಲು ಒಡೆದು ಹತಾರ ಮಾಡುತ್ತಿದ್ದರು. ಲಾಯ್ ಹೊಆಕ್ಕೆ ಅದು ಬರುವುದಿಲ್ಲ. ಇಷ್ಟು ದೊಡ್ಡ ಕಸುಬನ್ನು ಮರೆತರು ಅಂತಲೂ ನಂಬಬೇಕು.

ಲಿಯಾಂಗ್ ಬುವಾ ಹತ್ತಿರ ರಾಂಪಾಸಾಸಾ ಎಂಬ ಹಳ್ಳಿ ಇದೆ. ಅಲ್ಲಿನ ಜನ ಕುಳ್ಳು, ಸರಾಸರಿ ಎತ್ತರ ಸುಮಾರು 145 ಸೆಂಟಿಮೀಟರ್. ಇವರಲ್ಲಾದರೂ ಆ ಹಳಬರ ರಕ್ತ ಉಳಿದಿದೆಯಾ ಎಂದು ಡಿಎನ್‌ಎ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಅಳಿದುಹೋದ ಬೇರೆ ಮಾನವರಾದ ನಿಯಾಂಡರ್ತಾಲರ ಅಂಶ ಇದೆ, ಡೆನಿಸೋವನ್ನರ ಅಂಶ ಇದೆ, ಫ್ಲೋರೆಸ್‌ನ ಆ ಪುಟ್ಟ ಜಾತಿಯ ಅಂಶ ಮಾತ್ರ ಇಲ್ಲ.

ಇದೇ ಹುಡುಕಾಟವನ್ನು ಪೂರ್ತಿ ಬೇರೆ ದಾರಿಯಲ್ಲಿ ಮಾಡಿದ ಇನ್ನೊಬ್ಬ ಮಾನವಶಾಸ್ತ್ರಜ್ಞರಿದ್ದರು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರೋವರ್ ಕ್ರಾಂಟ್ಸ್. ಅವರು ಬೆನ್ನು ಹತ್ತಿದ್ದು ಬಿಗ್‌ಫುಟ್ ಅನ್ನು. ಇವರು ಮೂಳೆಯ ಮನುಷ್ಯ. ಜನ ಏನು ಹೇಳುತ್ತಾರೆ ಅನ್ನುವುದಕ್ಕಿಂತ ನೆಲದಲ್ಲಿ ಏನು ಮೂಡಿದೆ ಅನ್ನುವುದು ಅವರಿಗೆ ಮುಖ್ಯ. 1969ರಲ್ಲಿ ಬಾಸ್‌ಬರ್ಗ್ ಎಂಬಲ್ಲಿ ಸಾವಿರಕ್ಕೂ ಹೆಚ್ಚು ದೈತ್ಯ ಹೆಜ್ಜೆಗಳು ಕಂಡವು, ಬಲಗಾಲು ಊನವಾದದ್ದು. ಅದರ ಅಚ್ಚು ನೋಡಿ, ಒಳಗಿನ ಮೂಳೆ ಹೇಗಿರಬೇಕು ಎಂದು ಕ್ರಾಂಟ್ಸ್ ಚಿತ್ರ ಬರೆದರು. ಇಷ್ಟು ಅಂಗರಚನೆ ಗೊತ್ತಿರುವ ಮೋಸಗಾರ ಇರಲು ಸಾಧ್ಯವಿಲ್ಲ ಎಂದು ತೀರ್ಮಾನಿಸಿದರು. ಇದು ವಿದ್ವಾಂಸರಿಗೆ ಮಾತ್ರ ಬರುವ ಕಾಯಿಲೆ ನೋಡಿ. ಎದುರಿಗಿರುವ ವಸ್ತುವಿನಲ್ಲಿ ತಮ್ಮ ಜ್ಞಾನವೇ ಕಾಣಿಸುತ್ತದೆ.

ಚೀನಾದಲ್ಲಿ ಪಳೆಯುಳಿಕೆಯಾಗಿ ಸಿಗುವ ಜೈಗಾಂಟೊಪಿಥೆಕಸ್ ಎಂಬ ದೈತ್ಯ ವಾನರವೇ ಬಿಗ್‌ಫುಟ್ ಅನ್ನುವುದು ಅವರ ವಾದ. ಆ ವಾನರ ಒರಾಂಗುಟಾನ್‌ನ ನೆಂಟ ಎಂದು 2019ರಲ್ಲಿ ಹಲ್ಲಿನ ಪ್ರೋಟೀನ್‌ನಿಂದ ಗೊತ್ತಾಯಿತು. ಅದು ಅಳಿದು 2 ಲಕ್ಷ ವರ್ಷಕ್ಕೂ ಹೆಚ್ಚಾಗಿದೆ. ಒಂದನ್ನು ಗುಂಡು ಹೊಡೆದಾದರೂ ತರಬೇಕು, ದೇಹ ಇಲ್ಲದೆ ಯಾರೂ ನಂಬುವುದಿಲ್ಲ ಎಂದು ಕ್ರಾಂಟ್ಸ್ ಬಹಿರಂಗವಾಗಿಯೇ ವಾದಿಸಿದರು. ತಮಾಷೆ ಅಂದರೆ, ಅದೇ ರಾಜ್ಯದ ಸ್ಕಮೇನಿಯಾ ಕೌಂಟಿ 1969ರ ಏಪ್ರಿಲ್ 1ರಂದೇ ಅದನ್ನು ಕೊಲ್ಲಬಾರದು ಎಂದು ಕಾನೂನು ಮಾಡಿತ್ತು. ದಂಡ 10,000 ಡಾಲರ್‌ವರೆಗೆ, ಜೈಲು ಐದು ವರ್ಷದವರೆಗೆ. ಕ್ರಾಂಟ್ಸ್ 2002ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಅವರ ಅಸ್ಥಿಪಂಜರ, ಅವರ ನಾಯಿ ಕ್ಲೈಡ್‌ನ ಅಸ್ಥಿಪಂಜರದ ಜೊತೆಗೆ, ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು.

ಇಬ್ಬರಲ್ಲಿ ನನ್ನ ಒಲವು ಫೋರ್ತ್ ಕಡೆಗೇ. ಯಾಕೆಂದರೆ ಜನರ ಮಾತು ಹಿಡಿದು ಹೋದಾಗ ನಿಜವಾಗಿ ಪ್ರಾಣಿ ಸಿಕ್ಕಿರುವುದುಂಟು. ತಾಂಜಾನಿಯಾದ ರುಂಗ್ವೆ ಬೆಟ್ಟದ ಬೇಟೆಗಾರರು ಕಿಪುಂಜಿ ಎಂಬ ನಾಚಿಕೆ ಸ್ವಭಾವದ ಕೋತಿಯ ಬಗ್ಗೆ ಹೇಳುತ್ತಿದ್ದರು. ಅದೇ ಜನ ಕಾಲ್ಪನಿಕ ಪ್ರಾಣಿಗಳ ಕಥೆಯನ್ನೂ ಹೇಳುತ್ತಿದ್ದರಿಂದ ಸಂಶೋಧಕರಿಗೆ ಅನುಮಾನ ಇತ್ತು. 2003ರ ಕೊನೆಗೆ ಪ್ರಾಣಿಯೇ ಕಣ್ಣಿಗೆ ಬಿತ್ತು. 2005ರಲ್ಲಿ ಹೊಸ ಜಾತಿ ಎಂದು ಪ್ರಕಟವಾಯಿತು. 2008ರ ಲೆಕ್ಕದಲ್ಲಿ ಒಟ್ಟು ಸಂಖ್ಯೆ ಸಾವಿರದ ನೂರರ ಆಸುಪಾಸು ಇತ್ತು, ಅಷ್ಟೇ. ವಿಯೆಟ್ನಾಂನ ಸಾವೊಲಾ ಎಂಬ, ಹಸುವಿನ ಬಳಗದ ಕಾಡುಪ್ರಾಣಿ 1992ರಲ್ಲಿ ಗೊತ್ತಾದದ್ದೂ ಬೇಟೆಗಾರರ ಮನೆಗಳಲ್ಲಿದ್ದ ಕೊಂಬುಗಳಿಂದ. ಅಂದರೆ ಹಳ್ಳಿಯವರ ಮಾತಿಗೆ ಬೆಲೆ ಇದೆ. ಆದರೆ ಗಮನಿಸಿ, ಅಲ್ಲೆಲ್ಲ ಮಾತಿನ ಹಿಂದೆಯೇ ಕೊಂಬು ಬಂತು, ಕೋತಿ ಬಂತು. ಸಾವಿರ ಚಿಲ್ಲರೆ ಕೋತಿಗಳೇ ಅಡಗಿರಲು ಆಗಲಿಲ್ಲ. ಫ್ಲೋರೆಸ್‌ನಲ್ಲಿ ಮಾತಿನ ಹಿಂದೆ ಬರುವುದು ಇನ್ನೊಂದು ಮಾತು.

ಇನ್ನು ನಾನು ಹೇಳಲೇಬೇಕಾದ ಒಂದು ಕಥೆ ಇದೆ. ಈ ವಿಷಯ ಮಾತಾಡುವವರು ಇದನ್ನು ಬೇಗ ದಾಟಿಬಿಡುತ್ತಾರೆ. ನಾನು ಸ್ವಲ್ಪ ನಿಲ್ಲುತ್ತೇನೆ.

ಕಪ್ಪು ಸಮುದ್ರದ ದಂಡೆಯ ಅಬ್ಖಾಜಿಯಾದಲ್ಲಿ, 19ನೇ ಶತಮಾನದಲ್ಲಿ, ಒಬ್ಬ ಹೆಂಗಸನ್ನು ಕಾಡಿನಲ್ಲಿ ಹಿಡಿದರು ಎಂಬ ಸುದ್ದಿ. ಎತ್ತರದ ದೇಹ, ಕಪ್ಪು ಬಣ್ಣ, ಮೈಮೇಲೆ ಕೂದಲು, ಮಾತು ಇಲ್ಲ. ಜಾನಾ ಎಂದು ಹೆಸರಿಟ್ಟರು. ಕೈಯಿಂದ ಕೈಗೆ ದಾಟಿ ತ್ಖಿನಾ ಎಂಬ ಹಳ್ಳಿಗೆ ಬಂದಳು. ಮೊದಮೊದಲು ಬೇಲಿಯೊಳಗೆ ಕಟ್ಟಿಹಾಕಿದ್ದರು. ಊರಿನ ಗಂಡಸರಿಂದ ಮಕ್ಕಳಾದವು. ನಾಲ್ಕು ಮಕ್ಕಳು ಬದುಕಿ ಬೆಳೆದರು. ಕೊನೆಯ ಮಗ ಖ್ವಿತ್ 1954ರವರೆಗೂ ಇದ್ದ. 1960ರ ದಶಕದಲ್ಲಿ ಸೋವಿಯತ್ ಇತಿಹಾಸಕಾರ ಬೊರಿಸ್ ಪೊರ್ಷ್ನೆವ್ ಅಲ್ಲಿಗೆ ಹೋಗಿ, ಜಾನಾಳನ್ನು ಬಲ್ಲ ಮುದುಕರ ಮಾತುಗಳನ್ನು ಬರೆದುಕೊಂಡರು. ಉಳಿದುಕೊಂಡ ನಿಯಾಂಡರ್ತಾಲರೇ ಹಿಮಮಾನವರು ಅನ್ನುವುದು ಅವರ ಸಿದ್ಧಾಂತ. ಜಾನಾ ಅದಕ್ಕೆ ಹೇಳಿ ಮಾಡಿಸಿದ ಸಾಕ್ಷಿಯಾದಳು. ಹಿಂಬಾಲಕರು ಸಮಾಧಿ ಅಗೆದರು. ತಲೆಬುರುಡೆಗಳನ್ನು ಅಳೆದರು.

2021ರಲ್ಲಿ ಆ ಮೂಳೆಗಳ ಪೂರ್ತಿ ಜೀನೋಮ್ ಓದಿದರು. ಅವಳು ನಮ್ಮಂತೆಯೇ ಮನುಷ್ಯಳು. ಮೂಲ ಆಫ್ರಿಕಾದ್ದು. ಖ್ವಿತ್ ಅವಳದೇ ಮಗ. ಮೈಮೇಲಿನ ಕೂದಲಿಗೆ ಹುಟ್ಟಿನಿಂದ ಬರುವ ಒಂದು ಅಪರೂಪದ ಸ್ಥಿತಿ ಕಾರಣ ಇರಬಹುದು. ಒಟ್ಟೊಮನ್ ಕಾಲದ ಗುಲಾಮ ವ್ಯಾಪಾರದಲ್ಲಿ ಅವಳೋ ಅವಳ ಹಿರಿಯರೋ ಆ ಕಡೆಗೆ ಬಂದಿರಬಹುದು.

ಈಗ ಹಳೆಯ ಹೇಳಿಕೆಗಳನ್ನು ಮತ್ತೆ ಓದಿ. ಮುದುಕರು ಸುಳ್ಳು ಹೇಳಿರಲಿಲ್ಲ. ಕಪ್ಪು ಮೈ, ಕೂದಲು, ಮಾತಿಲ್ಲದ್ದು, ಬೇಲಿಯೊಳಗಿನ ಬದುಕು, ಎಲ್ಲವೂ ಅವರು ಕಂಡದ್ದೇ. ಅದನ್ನು ಇನ್ನೊಂದು ಜಾತಿ ಎಂದು ಓದಿದ್ದು ಕೇಳಿಸಿಕೊಂಡವರು. ಕಟ್ಟಿಹಾಕಿದ ಹೆಂಗಸು ಮಾತಾಡುವುದಿಲ್ಲ ಅಂದಾಗ, ಯಾರ ಭಾಷೆಯಲ್ಲಿ ಮಾತಾಡಬೇಕಿತ್ತು ಎಂದು ಆ ಸಂಶೋಧಕರು ಕೇಳಿಕೊಳ್ಳಲಿಲ್ಲ. ಒಬ್ಬ ಹೆಂಗಸಿನ ಮೇಲೆ ನಡೆದದ್ದೆಲ್ಲ ಅವರ ಕಡತದಲ್ಲಿ ಪ್ರಾಣಿಯ ನಡವಳಿಕೆಯ ವಿವರವಾಗಿ ಕೂತಿತು.

ಫೋರ್ತ್ ಇಂಥವರಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅವರು ಲಿಯೋ ಭಾಷೆಯ ವಿವರಗಳಿಗೆ ಇಳಿದು, ಜನರ ವರ್ಗೀಕರಣಕ್ಕೆ ಗೌರವ ಕೊಟ್ಟು ಕೆಲಸ ಮಾಡಿದವರು. ಅವರ ಕಿವಿ ಸರಿ ಇದೆ. ನನ್ನ ತಕರಾರು ಕೊನೆಯ ಹೆಜ್ಜೆಗೆ ಮಾತ್ರ. ‘ಲಿಯೋ ಜನ ಹೀಗೆ ಕಂಡಿದ್ದಾರೆ’ ಅನ್ನುವವರೆಗೆ ಅವರು ಮಾನವಶಾಸ್ತ್ರಜ್ಞರು. ‘ಆದ್ದರಿಂದ ಬೇರೆ ಮಾನವ ಜಾತಿ ಇದೆ’ ಅಂದ ಕೂಡಲೇ ಅವರು ಪ್ರಾಣಿಶಾಸ್ತ್ರಜ್ಞರ ಅಂಗಳಕ್ಕೆ ಬಂದರು. ಅಲ್ಲಿ ಮೂವತ್ತು ಸಾಕ್ಷಿಗಳಿಗಿಂತ ಒಂದು ಹಲ್ಲಿಗೆ ತೂಕ ಜಾಸ್ತಿ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಹಾಗಾದರೆ ಆ ಮೂವತ್ತು ಜನ ಕಂಡದ್ದಾದರೂ ಏನು ಸಾರ್?

ಎಲ್ಲರೂ ಒಂದೇ ವಸ್ತು ಕಂಡಿರಬೇಕಾಗಿಲ್ಲ. ಕಾಡು ಬಲ್ಲವನು ಹಕ್ಕಿಯನ್ನು ದೂರದಿಂದ ಗುರುತಿಸುವುದು ಅದನ್ನು ನೂರಾರು ಸಲ ನೋಡಿರುವುದರಿಂದ. ಲಾಯ್ ಹೊಆವನ್ನು ಜೀವಮಾನದಲ್ಲಿ ಒಮ್ಮೆ ಕಂಡರೆ ಹೆಚ್ಚು. ಅಂಥ ಒಂದು ನೋಟವನ್ನು ಮನಸ್ಸು ತನಗೆ ಮೊದಲೇ ಗೊತ್ತಿರುವ ಹೆಸರಿನೊಳಗೆ ಕೂರಿಸುತ್ತದೆ. ಒಬ್ಬನಿಗೆ ಕಂಡದ್ದು ಎದ್ದು ನಿಂತ ಮುದಿ ಕೋತಿ ಇರಬಹುದು, ಇನ್ನೊಬ್ಬನಿಗೆ ಊರಿನಿಂದ ದೂರವಾಗಿ ಬದುಕುತ್ತಿದ್ದ ಒಬ್ಬ ಮನುಷ್ಯ ಇರಬಹುದು. ಎಲ್ಲದಕ್ಕೂ ಹೆಸರು ಸಿದ್ಧವಾಗಿತ್ತು. ಇದರಲ್ಲಿ ಸುಳ್ಳೂ ಇಲ್ಲ, ದಡ್ಡತನವೂ ಇಲ್ಲ.

ಇನ್ನೊಬ್ಬರು ಕೇಳಿದರು: ಹಾಗಾದರೆ ಹುಡುಕುವುದೇ ಬೇಡ ಅಂತೀರಾ?

ಬೇಡ ಅನ್ನುವುದಿಲ್ಲ. ಈಗ ಬಂದೂಕು ಬೇಕಿಲ್ಲ. ತೊರೆಯ ನೀರಿನಲ್ಲಿ, ಅಲ್ಲಿ ನೀರು ಕುಡಿದ ಪ್ರಾಣಿಗಳ ಡಿಎನ್‌ಎ ಉಳಿದಿರುತ್ತದೆ. 2018ರಲ್ಲಿ, ದೈತ್ಯ ಪ್ರಾಣಿ ಇದೆ ಎಂಬ ಕಥೆಗೆ ಹೆಸರಾದ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ನೀರನ್ನು ಹೀಗೇ ಸೋಸಿ ನೋಡಿದರು. ದೈತ್ಯ ಪ್ರಾಣಿಯ ಸುಳಿವಿರಲಿಲ್ಲ, ಹಾವುಮೀನಿನ ಡಿಎನ್‌ಎ ರಾಶಿ ಇತ್ತು. ಲಿಯೋ ಸೀಮೆಯ ತೊರೆಗಳಲ್ಲಿ ಹಂದಿ, ಕೋತಿ, ಮನುಷ್ಯ ಎಲ್ಲ ಸಿಗುತ್ತವೆ. ನಮ್ಮದಕ್ಕೆ ಹತ್ತಿರ ಇದ್ದೂ ನಮ್ಮದಲ್ಲದ ಒಂದು ತುಣುಕು ಸಿಕ್ಕರೂ ಸಾಕು, ನಾನು ಹೇಳಿದ್ದೆಲ್ಲ ವಾಪಸ್.

ಇನ್ನೂ ಹತ್ತಿರದ ದಾರಿಯೊಂದಿದೆ. ಫೋರ್ತ್ ಮಾತಾಡಿಸಿದವರಲ್ಲಿ ಒಬ್ಬರು, ಸತ್ತುಬಿದ್ದ ಇಂಥದ್ದೊಂದು ಜೀವಿಯನ್ನು ವಿಲೇ ಮಾಡಲು ತಾವೂ ಕೈ ಹಾಕಿದ್ದಾಗಿ ಹೇಳಿದ್ದರು. ಅದು ಕೋತಿ ಅಲ್ಲ, ಮನುಷ್ಯನೂ ಅಲ್ಲ ಅನ್ನುವುದು ಅವರ ಖಚಿತ ಮಾತು. ನನಗೆ ಉಳಿದೆಲ್ಲ ಸಾಕ್ಷಿಗಳಿಗಿಂತ ಇದು ಮುಖ್ಯ. ಹೆಣ ಇತ್ತು ಅಂದರೆ ಎಲ್ಲೋ ಒಂದು ಹಲ್ಲಾದರೂ ಉಳಿದಿರಬಹುದು. ಆದರೆ ಜಾನಾಳ ಸಮಾಧಿ ನೆನಪಿರಲಿ. ಮಣ್ಣಿನಡಿ ಇರುವುದು ಯಾರದೋ ಮಗಳ ಮೂಳೆಯೂ ಆಗಿರಬಹುದು. ಆ ಜಾಗ ತೋರಿಸಲು, ಅಗೆಯಲು ಅಲ್ಲಿನ ಜನ ಮನಸಾರೆ ಒಪ್ಪಿದರೆ ಗುದ್ದಲಿ ಹಾಕಬಹುದು. ಒಪ್ಪದಿದ್ದರೆ ತೊರೆಯ ನೀರು ತುಂಬಿಸಿಕೊಂಡು ವಾಪಸ್ ಬರುವುದು.